ಕಟ್ಟೆಯ ಚದುರಂಗವೂ ಕೂಟದ ಚದುರಂಗವೂ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲಿನಲ್ಲಿ ಹೋಗತಕ್ಕವರಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳು ಒಂದರ ಹಿಂದೊಂದು ಸಿಗುವವು. ಏಲಕ್ಕಿಯ ಮಾಲೆಗೆ ಹಾವೇರಿ, ಮೆಣಸಿನಕಾಯಿಗೆ ಬ್ಯಾಡಗಿ, ಹತ್ತಿ ಮತ್ತು ಬಿತ್ತನೆಯ ಬೀಜಗಳಿಗೆ ರಾಣೆಬೆನ್ನೂರು, ಹೀಗೆ ಒಂದೊಂದು ಊರು ಒಂದೊಂದು ಸರಕಿನಿಂದ ಹೆಸರಾಗಿರುವದು. ಈ ತಿಂಗಳು ನಾವು ಸರಕಿನ ಮಾತನ್ನು ಬದಿಗಿಟ್ಟು, ಪೇಟೆ ಮುಚ್ಚಿದ ಮೇಲೆ ಅಂಗಡಿಯ ಕಟ್ಟೆಯ ಮೇಲೆಯೂ ಮನೆಯ ಪಡಸಾಲೆಯಲ್ಲಿಯೂ ನಡೆಯತಕ್ಕ ಚದುರಂಗದ ವಿಷಯವಾಗಿ ಬರೆಯಬೇಕೆಂದಿರುವೆವು. ಇಂಥ ಊರುಗಳಲ್ಲಿ ಚದುರಂಗಕ್ಕೆಂದು ಒಂದು ಕೂಟ ಏತಕ್ಕೆ ಬೇಕು, ಕಟ್ಟೆ ಸಾಲದೆ, ಎಂದು ಕೇಳುವವರಿಗೆ ನಮ್ಮ ಉತ್ತರವಿದು.

ಇಂದು ಎಷ್ಟೋ ಮನೆಗಳಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಮಣೆಯ ಎದುರುಬದುರು ಕುಳಿತು, ಹತ್ತು ನಡೆ ಮುಗಿಯುವದರೊಳಗೆ ಮುನಿಸಿಕೊಂಡು ಏಳುವರು. “ಅಜ್ಜಾ, ಕಾಲಾಳು ಮೊದಲನೇ ಸಲ ಎರಡು ಮನಿ ಹೋಗಬಹುದು” ಎಂದು ಇವನು, “ಯಾವ ಊರ ಕಾಯ್ದೆನೋ ಇದು? ನಮ್ಮಪ್ಪ ನನಗ ಕಲಿಸಿದ್ದು ಒಂದ ಮನಿ” ಎಂದು ಅವನು. ಮೊಮ್ಮಗನ ಆಟವು ಶಾಲೆಯಿಂದಲೋ ಮೊಬೈಲಿನಿಂದಲೋ ಬಂದದ್ದು, ಅಜ್ಜನದು ಕಟ್ಟೆಯಿಂದ ಬಂದದ್ದು. ಕಡೆಗೆ “ನಿನ್ನ ಆಟ ನೀನ ಆಡಕೋ” ಎಂದು ಹಿರಿಯನು ಹಿಂದೆ ಸರಿಯುವನು. ಅವನು ಸರಿದರೆ ಅವನ ಕೂಡ ಅವನ ಅಪ್ಪನು ಕಲಿಸಿದ ಆಟವೂ ಸರಿಯಿತು. ಮೊಬೈಲಿಗೆ ಆ ಕಾಯಿದೆಗಳು ಗೊತ್ತಿಲ್ಲ. ಶಾಲೆಯಲ್ಲಿ ಅವನ್ನು ಯಾರೂ ಕೇಳುವದಿಲ್ಲ.

ಇಬ್ಬರಲ್ಲಿ ಯಾರದು ಸರಿ? ಇಬ್ಬರದೂ ಸರಿ. ನಮ್ಮ ದೇಶದ ಹಳೆಯ ಆಟದಲ್ಲಿ ಕಾಲಾಳು ಸಾಮಾನ್ಯವಾಗಿ ಒಂದೇ ಮನೆ ನಡೆಯುತ್ತಿತ್ತು. ರಾಜನನ್ನು ಆನೆಯ ಆಶ್ರಯಕ್ಕೆ ಸೇರಿಸುವ, ಇಂದು ಕೋಟೆ ಕಟ್ಟುವದೆಂದು ಕರೆಯಲ್ಪಡುವ ನಡೆ ಅದರಲ್ಲಿರಲಿಲ್ಲ. ಅದಕ್ಕೆ ಪ್ರತಿಯಾಗಿ, ರಾಜನಿಗೆ ಇನ್ನೂ ಶಹ ಬಿದ್ದಿಲ್ಲವಾದರೆ ಅವನು ಆಟದಲ್ಲಿ ಒಂದು ಸಲ ಕುದುರೆಯಂತೆ ಜಿಗಿಯಬಹುದಾಗಿತ್ತು. ಕಾಲಾಳು ಕಡೆಯ ಸಾಲನ್ನು ಮುಟ್ಟಿದಾಗ ಇಂದಿನವರು ತಮಗೆ ಬೇಕಾದುದನ್ನು, ಬಹುಮಟ್ಟಿಗೆ ಮಂತ್ರಿಯನ್ನೇ, ಪಡೆಯುವರು. ಹಳೆಯ ಆಟದಲ್ಲಿ ಅದು ಯಾರ ಸಾಲನ್ನು ಮುಟ್ಟಿತೋ ಅವರಾಗುವದು. ಕುದುರೆಯ ಸಾಲಿಗೆ ಹೋದರೆ ಕುದುರೆ, ಒಂಟೆಯ ಸಾಲಿಗೆ ಹೋದರೆ ಒಂಟೆ. ಎದುರಾಳಿಯ ಕಾಯಿಗಳೆಲ್ಲ ಸತ್ತು ರಾಜನೊಬ್ಬನೇ ಉಳಿದರೆ ಕೆಲವು ಕಡೆ ಅರ್ಧ ಗೆಲುವು, ಕೆಲವು ಕಡೆ ಸಮ. ಹೀಗಾಗಿ ಹಳೆಯ ಆಟದಲ್ಲಿ ಜಾಣನು ಕೊಲ್ಲುವಾಗಲೂ ಲೆಕ್ಕವಿಟ್ಟು ಕೊಲ್ಲಬೇಕು; ಎಲ್ಲವನ್ನೂ ಬಡಿದುಹಾಕಿದರೆ ಗೆಲುವೇ ಕೈಬಿಟ್ಟುಹೋಗುವದು. ನಮಗಂತೂ ಈ ಕಾಯಿದೆಯಲ್ಲಿ ಒಂದು ಸೊಗಸು ಕಾಣುತ್ತಿದೆ.

ತೊಡಕು ಇರುವದು “ಕೆಲವು ಕಡೆ” ಎಂಬ ಮಾತಿನಲ್ಲಿಯೇ. ಹಳೆಯ ಆಟಕ್ಕೆ ದೇಶಕ್ಕೊಂದು ಕಾಯಿದೆ ಇರದೆ ಸೀಮೆಸೀಮೆಗೆ ಸಣ್ಣಪುಟ್ಟ ಭೇದಗಳಿದ್ದವು. ಒಂದೇ ಕಟ್ಟೆಯ ಮೇಲೆ ಆಡುವವರೆಗೆ ಅದರಿಂದ ಯಾವ ಬಾಧೆಯೂ ಇಲ್ಲ. ಪರಸ್ಥಳದ ಬೀಗರು ಬಂದು ಎದುರಿಗೆ ಕುಳಿತ ದಿವಸವೇ ವಾದ ಹುಟ್ಟುವದು.

ಈ ಆಟ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ವೆಂಬ ಗ್ರಂಥದ ಕಡೆಯ ಭಾಗದಲ್ಲಿ, ಅರಸನ ಬೇರೆ ವಿನೋದಗಳೊಂದಿಗೆ ಚದುರಂಗದ ವಿವರಣೆಯೂ ಉಂಟು. ಈ ಮೂರು ಊರುಗಳ ಸೀಮೆಯು ಆ ಅರಸರ ಆಳಿಕೆಗೆ ಒಳಪಟ್ಟಿತ್ತೆಂಬುದಕ್ಕೆ ಹಾವೇರಿಯ ಪುರಸಿದ್ಧೇಶ್ವರನ ಗುಡಿಯನ್ನು ನೋಡಿದರೆ ಸಾಕು. ಆರು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ ಇದೇ ಸೀಮೆ ಪೇಶವೆಯರ ಕೈಸೇರಿ, 1817-18ರಲ್ಲಿ ಇಂಗ್ಲಿಷರ ವಶವಾಯಿತು. 1956ರ ವರೆಗೆ ಮುಂಬಯಿ ಆಧಿಪತ್ಯದಲ್ಲಿದ್ದು, 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಮರಾಠಿಗರು ಚದುರಂಗಕ್ಕೆ ‘ಬುದ್ಧಿಬಳ’ವೆಂತಲೂ ಮಂತ್ರಿಗೆ ವಜೀರನೆಂತಲೂ ಕಾಲಾಳಿಗೆ ಪ್ಯಾದೆಯೆಂತಲೂ ಅನ್ನುವರು; ‘ಶಹ’ ಎಂಬ ಮಾತಂತೂ ಪಾರಸಿಯಿಂದ ಹೊರಟು ಎಲ್ಲರ ಬಾಯಿಗೂ ಬಂದಿರುವದು. ಈ ಊರುಗಳ ಹಿರಿಯರ ಆಟದ ಮಾತಿನಲ್ಲಿ ಕನ್ನಡ, ಮರಾಠಿ, ಪಾರಸಿ ಕೂಡಿಕೊಂಡಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಕಡೆಯ ಪೇಶವೆಯಾದ ಎರಡನೆಯ ಬಾಜೀರಾಯನ ಆಶ್ರಯದಲ್ಲಿ ತಿರುವೇಂಕಟಾಚಾರ್ಯ ಶಾಸ್ತ್ರಿ ಎಂಬ ಪಂಡಿತನು ‘ವಿಲಾಸಮಣಿಮಂಜರಿ’ ಎಂಬ ಚದುರಂಗದ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. 1814ರಲ್ಲಿ ಮುಂಬಯಿಯಲ್ಲಿ ಅದರ ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಅದರ ಮುಖಪುಟದಲ್ಲಿಯೇ, ಈ ಪ್ರಬಂಧಗಳನ್ನು ಯುರೋಪಿನವರ ಆಟದ ರೀತಿಗೆ ಹೊಂದಿಸಿರುವದಾಗಿ ಹೇಳಿದೆ. ಅಜ್ಜ-ಮೊಮ್ಮಗನ ಜಗಳಕ್ಕೆ ಇನ್ನೂರು ವರ್ಷದ ಹಿಂದೆಯೇ ಪಂಡಿತನೊಬ್ಬನು ಸಂಧಾನ ನಡೆಸಿದ್ದನೆಂದಾಯಿತು.

ಕರ್ನಾಟಕದಲ್ಲಿ ಈ ಆಟವನ್ನು ಎಲ್ಲರಿಗಿಂತ ಹೆಚ್ಚಾಗಿ ಬರಹಕ್ಕೆ ಇಳಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). 1831ರಲ್ಲಿ ಇಂಗ್ಲಿಷರು ಅವರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡರು. ಆಮೇಲಿನ ಮೂವತ್ತೇಳು ವರ್ಷಗಳಲ್ಲಿ ಆ ಅರಸರಿಗೆ ಉಳಿದದ್ದು ಹೆಸರಿನ ಗಾದಿ ಮತ್ತು ವಿದ್ಯೆ. ಆ ವಿದ್ಯೆಯಲ್ಲಿ ಆಟಗಳಿಗೆ ದೊಡ್ಡ ಸ್ಥಾನವಿತ್ತು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬದು ಮಣೆಯಾಟಗಳಿಗೆ ಮೀಸಲಾಗಿದೆ. ಕುದುರೆಯನ್ನು ಅದರ ನಡೆಯಿಂದಲೇ ಅರವತ್ತನಾಲ್ಕು ಮನೆಗಳ ಮೇಲೂ ಒಂದೊಂದು ಸಲ ಮಾತ್ರ ಹಾಯಿಸುವ ಚಮತ್ಕಾರದಲ್ಲಿ ಅವರಿಗೆ ವಿಶೇಷ ಆಸಕ್ತಿ. ಇದು ಹಳೆಯ ವಿದ್ಯೆ. 9ನೆಯ ಶತಮಾನದಲ್ಲಿ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ತುರಗಪದವೆಂಬ ಹೆಸರಿನಿಂದ ಇದನ್ನು ಪದ್ಯದ ಅಕ್ಷರಗಳಲ್ಲಿಯೇ ತೋರಿಸಿರುವನು. ಕುದುರೆ ಇಟ್ಟ ಹೆಜ್ಜೆಗಳಿಗೆ 1ರಿಂದ 64ರ ವರೆಗೆ ಅಂಕೆಗಳನ್ನು ಬರೆಯುತ್ತ ಹೋಗಿ, ಅಡ್ಡಸಾಲು ಕಂಬಸಾಲುಗಳ ಮೊತ್ತ ಎಲ್ಲ ಕಡೆಯಲ್ಲಿಯೂ 260 ಆಗುವಂತೆ ಮಾಡುವದು ಇನ್ನೂ ಕಠಿಣ. ಅದರ ಜೊತೆಗೆ ಮೂಲೆಯಿಂದ ಮೂಲೆಗೆ ಹೋಗುವ ಎರಡು ಓರೆಸಾಲುಗಳೂ 260 ಆಗಬೇಕೆಂದರೆ ಮಾತ್ರ ಅದು ಸಾಧ್ಯವೇ ಇಲ್ಲವೆಂದು 2003ರಲ್ಲಿ ಗಣಕಯಂತ್ರದ ಶೋಧದಿಂದ ತಿಳಿದುಬಂತು. ಗಣಿತದಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಮೊದಲು ಬರಿಯ ಅರವತ್ತನಾಲ್ಕು ಮನೆಗಳನ್ನು ಹಾಯಿಸಲು ಹೇಳಿರಿ. ಒಂದು ರವಿವಾರ ಅವರು ಮನೆಯಲ್ಲಿ ಗದ್ದಲ ಮಾಡುವದಿಲ್ಲ.

ಆದರೆ ಒಂದು ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನಮ್ಮ ಪಂಡಿತರೂ ಅರಸರೂ ಬರೆದಿಟ್ಟದ್ದು ಚಮತ್ಕಾರಗಳನ್ನು, ಸಮಸ್ಯೆಗಳನ್ನು. ಇಬ್ಬರು ಮನುಷ್ಯರು ಎದುರುಬದುರು ಕುಳಿತು ಆಡಿದ ಆಟವನ್ನು ಮೊದಲ ನಡೆಯಿಂದ ಕಡೆಯ ನಡೆಯ ವರೆಗೆ ಬರೆದಿಡುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಒಂದು ಚೀಲ ಮೆಣಸಿನಕಾಯಿ ಬಂದು ಇಳಿದರೂ, ಯಾರದು, ಎಷ್ಟು ತೂಕ, ಏನು ದರ ಎಂಬುದು ದಲಾಲರ ಕೀರ್ದಿಯಲ್ಲಿ ಏರದೆ ಇರದು. ಸಂಜೆಯ ಹೊತ್ತು ಅದೇ ಕಟ್ಟೆಯ ಮೇಲೆ ಮೂರು ತಾಸು ತಲೆ ಬಿಸಿಮಾಡಿಕೊಂಡು ಗೆದ್ದ ಆಟವಾದರೋ ಕಾಯಿಗಳನ್ನು ಚೀಲಕ್ಕೆ ಸುರಿದೊಡನೆ ಮುಗಿಯಿತು. ಗೆದ್ದವನ ಹೆಸರು ನಾಲ್ಕು ದಿವಸ ಬಾಯಲ್ಲಿ ಉಳಿದೀತು. ಹೇಗೆ ಗೆದ್ದನೆಂಬುದು ಉಳಿಯುವದಿಲ್ಲ.

ಬರೆದಿಟ್ಟರೆ ಏನಾಗುವದೆಂಬುದಕ್ಕೆ ಮಹೇಶಚಂದ್ರ ಬಂದ್ಯೋಪಾಧ್ಯಾಯನ ಕಥೆಯನ್ನು ಹೇಳಬೇಕು. 1850ರ ಸುಮಾರಿಗೆ ಕಲಕತ್ತೆಯಲ್ಲಿ ಇಂಗ್ಲಿಷರು ಒಂದು ಚದುರಂಗದ ಕೂಟವನ್ನು ಕಟ್ಟಿದ್ದರು. ಅದರಲ್ಲಿ ಜಾನ್ ಕಾಕ್ರೇನನೆಂಬ ಬ್ಯಾರಿಸ್ಟರನು ಎಲ್ಲರನ್ನೂ ಸೋಲಿಸುವ ಆಟಗಾರ. ಲಂಡನ್ನಿನಲ್ಲಿಯೂ ಅವನಿಗೆ ಹೆಸರಿತ್ತು. ಆ ಕೂಟದ ಸದಸ್ಯನೊಬ್ಬನು ಹಳ್ಳಿಗಾಡಿಗೆ ಹೋದಾಗ ಅಲ್ಲಿ ಎಂದೂ ಸೋಲನ್ನು ಕಾಣದ ಬ್ರಾಹ್ಮಣನೊಬ್ಬನಿರುವ ಸುದ್ದಿ ತಿಳಿದು, ಅವನೊಂದಿಗೆ ಆಡಿ ನೋಡಿ, ಕಲಕತ್ತೆಗೆ ಕರೆತಂದು ಕಾಕ್ರೇನನ ಎದುರಿಗೆ ಕೂಡ್ರಿಸಿದನು. ಮಹೇಶಚಂದ್ರನಿಗೆ ಯುರೋಪಿನ ಕಾಯಿದೆಗಳು ಹೊಸವು. ಮೊದಮೊದಲು ಅವನು ಸೋತನು. ಆದರೆ ಹೊಸ ಕಾಯಿದೆ ಕೈಗೆ ಹತ್ತಿದ ಮೇಲೂ ಅವನು ತನ್ನ ಹಳ್ಳಿಯ ನಡಿಗೆಯನ್ನು ಬಿಡಲಿಲ್ಲ. ಕಾಲಾಳು ಒಂದೊಂದೇ ಮನೆ ನಡೆಯುವ ಆಟದಲ್ಲಿ ಬೆಳೆದವನಾದುದರಿಂದ, ನಡುವಿನ ಮನೆಗಳಿಗೆ ನುಗ್ಗದೆ, ಕುದುರೆಯನ್ನು ಮೊದಲು ಹೊರಡಿಸಿ, ಬದಿಯ ಕಾಲಾಳನ್ನು ಒಂದು ಮನೆ ಸರಿಸಿ, ಆ ಸಂದಿನಲ್ಲಿ ಒಂಟೆಯನ್ನಿಟ್ಟು ದೂರದಿಂದ ನಡುಮಣೆಯನ್ನು ಕಾಯುತ್ತಿದ್ದನು. ಆ ಕಾಲದ ಯುರೋಪಿನ ಆಟಗಾರರಿಗೆ ಇದು ವಿಚಿತ್ರವಾಗಿ ಕಂಡಿತು.

ಕೂಟದವರು ಮಾಡಿದ ಉಪಕಾರವೆಂದರೆ ಈ ಇಬ್ಬರ ಆಟಗಳನ್ನು ಬರೆದಿಟ್ಟರು. ಅವುಗಳಲ್ಲಿ ಕೆಲವು ವಿಲಾಯತಿಯ ಪತ್ರಿಕೆಗಳಲ್ಲಿ ಅಚ್ಚಾದವು. ಮುಂದೆ 20ನೆಯ ಶತಮಾನದಲ್ಲಿ ಜಗತ್ತಿನ ದೊಡ್ಡ ಆಟಗಾರರು ಇದೇ ನಡಿಗೆಯನ್ನು ಮೆಚ್ಚಿ ಬಳಸತೊಡಗಿದರು. ಇಂದು ಯಾವ ದೇಶದ ಚದುರಂಗದ ಪುಸ್ತಕವನ್ನು ತೆಗೆದರೂ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಕಾಣುವದು. ಆ ಹೆಸರಿನ ಬೇರು ಬಂಗಾಲದ ಆ ಹಳ್ಳಿಗನ ಆಟದಲ್ಲಿದೆ. ಮೊಮ್ಮಗನು ಮೊಬೈಲಿನಲ್ಲಿ ಕಲಿತು ಬಂದು ತೋರಿಸುವ ‘ಕಿಂಗ್ಸ್ ಇಂಡಿಯನ್’ ಎಂಬುದು ಅಜ್ಜನ ಒಂದು-ಮನೆಯ ಕಾಲಾಳಿನ ಸಂತಾನವೇ ಸರಿ. ಮಹೇಶಚಂದ್ರನಿಗೆ ಸರಿಗಟ್ಟುವವರು ಬೇರೆ ಹಳ್ಳಿಗಳಲ್ಲಿ ಇದ್ದಿರಬಹುದು. ಅವರ ಕಟ್ಟೆಯ ಮಗ್ಗುಲಲ್ಲಿ ಬರೆದುಕೊಳ್ಳುವವನು ಒಬ್ಬನಿರಲಿಲ್ಲ, ಅಷ್ಟೇ ಅಂತರ.

ಪಂಜಾಬದ ಸುಲ್ತಾನ ಖಾನನದು ಇನ್ನೊಂದು ಕಥೆ. ಅವನೂ ದೇಶೀ ಕಾಯಿದೆಯಲ್ಲಿಯೇ ಬೆಳೆದವನು. ಉಮರ್ ಹಯಾತ್ ಖಾನನೆಂಬ ಜಹಗೀರುದಾರನ ಪರಿವಾರದೊಂದಿಗೆ 1929ರಲ್ಲಿ ಲಂಡನ್ನಿಗೆ ಹೋಗಿ ಆ ವರ್ಷವೇ ಬ್ರಿಟಿಷ್ ಚಾಂಪಿಯನ್ನನಾದನು. 1932, 1933ರಲ್ಲಿ ಮತ್ತೆ ಆದನು. ಜಗಜ್ಜೇತನಾಗಿದ್ದ ಕಾಪಾಬ್ಲಾಂಕನನ್ನು 1930ರ ಕಡೆಯಲ್ಲಿ ಹೇಸ್ಟಿಂಗ್ಸಿನಲ್ಲಿ ಸೋಲಿಸಿದನು. ಅದೇ ಪರಿವಾರದಲ್ಲಿದ್ದ ಫಾತಿಮಾ ಎಂಬ ತರುಣಿಯು 1933ರಲ್ಲಿ ಬ್ರಿಟಿಷ್ ಸ್ತ್ರೀಯರ ಪಂದ್ಯವನ್ನು ಗೆದ್ದಳು. ಜಹಗೀರುದಾರನು ಊರಿಗೆ ಹಿಂತಿರುಗಿದಾಗ ಸುಲ್ತಾನ ಖಾನನೂ ಹಿಂತಿರುಗಿ ಒಕ್ಕಲುತನದಲ್ಲಿ ಉಳಿದು 1966ರಲ್ಲಿ ತೀರಿಕೊಂಡನು. ಅಂತರರಾಷ್ಟ್ರೀಯ ಸಂಸ್ಥೆಯು ಅವನಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಗೌರವಾರ್ಥವಾಗಿ ಕೊಟ್ಟದ್ದು 2024ರಲ್ಲಿ. ಒಬ್ಬ ಧನಿಕನ ಆಶ್ರಯದ ಮೇಲೆ ನಿಂತ ಆಟಕ್ಕೂ ನಾಲ್ವರು ಕೂಡಿ ಕಟ್ಟಿದ ಕೂಟದ ಮೇಲೆ ನಿಂತ ಆಟಕ್ಕೂ ಇರುವ ಭೇದ ಇಲ್ಲಿ ಕಾಣುವದು. ಧನಿ ಎದ್ದರೆ ಆಟವೂ ಎದ್ದಿತು.

ಇನ್ನು ‘ಕ್ಲಬ್ಬು’ ಎಂಬ ಶಬ್ದದ ವಿಷಯ. ನಮ್ಮ ಕಡೆಯ ಗೃಹಿಣಿಯರು ಆ ಶಬ್ದವನ್ನು ಕೇಳಿದೊಡನೆ ಮೋರೆ ಗಂಟಿಕ್ಕುವದಕ್ಕೆ ಕಾರಣವಿಲ್ಲದಿಲ್ಲ. ಇಸ್ಪೀಟಿನ ಎಲೆ, ಹಣದ ಪಣ, ನಡುರಾತ್ರಿಯ ಬಾಗಿಲು ಬಡಿತ, ಇವುಗಳನ್ನೆಲ್ಲ ಆ ಶಬ್ದವು ಹೊತ್ತುಕೊಂಡು ಬಂದಿದೆ. ಚದುರಂಗವಾದರೂ ನಿರಪರಾಧಿಯಲ್ಲ: ಅವಧದ ರಾಜ್ಯ ಕೈಬಿಟ್ಟುಹೋಗುತ್ತಿರುವಾಗ ಮಣೆಯನ್ನು ಬಿಟ್ಟೇಳದ ಇಬ್ಬರು ಸರದಾರರ ಕಥೆಯನ್ನು ಪ್ರೇಮಚಂದರು 1924ರಲ್ಲಿ ಬರೆದಿರುವರು, ಅದನ್ನು ಸತ್ಯಜಿತ್ ರಾಯರು 1977ರಲ್ಲಿ ಚಲಚ್ಚಿತ್ರ ಮಾಡಿದರು. ಆದುದರಿಂದ ಕೂಟಕ್ಕೆ ಹೊತ್ತು ಇರಲಿ, ಪಣ ಇಲ್ಲದಿರಲಿ, ಬಾಗಿಲು ತೆರೆದಿರಲಿ. ತೆರೆದ ಬಾಗಿಲೆಂದರೆ ಹೆಂಗಸರಿಗೂ ಹುಡುಗಿಯರಿಗೂ ತೆರೆದದ್ದೆಂದು ಬಿಡಿಸಿಯೇ ಹೇಳುವೆವು. ಗಂಡಸರ ಕಟ್ಟೆಯ ಮೇಲೆ ಹುಡುಗಿ ಕೂಡ್ರುವಂತಿರಲಿಲ್ಲ, ಕೂಟದಲ್ಲಿ ಕೂಡ್ರಬಹುದು. ಭಾರತದ ಸ್ತ್ರೀಯರ ಮೊದಲನೆಯ ರಾಷ್ಟ್ರೀಯ ಪಂದ್ಯ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ಅದನ್ನು ಗೆದ್ದವಳು ಮುಂಬಯಿಯ ವಾಸಂತಿ ಖಾಡಿಲ್ಕರ. ಆಮೇಲೆ ಅನೇಕ ವರ್ಷ ಆ ಪ್ರಶಸ್ತಿಯು ಅವಳ ಮತ್ತು ಅವಳ ಸೋದರಿಯರಾದ ಜಯಶ್ರೀ, ರೋಹಿಣಿಯರ ಕೈಯಲ್ಲಿಯೇ ಓಡಾಡಿತು. ರೋಹಿಣಿಯು 1976ರಲ್ಲಿ ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಲು ಹೋದಾಗ ಆಕ್ಷೇಪಣೆಗಳೆದ್ದವು, ಆದರೂ ಆಡಿದಳು.

ಒಂದು ಕೋಣೆಯಿಂದ ಎಷ್ಟಾಗುವದೆಂಬುದಕ್ಕೆ ಮದ್ರಾಸು ಸಾಕ್ಷಿ. ಅಲ್ಲಿ 1972ರಲ್ಲಿ, ಭಾರತದ ಮೊದಲನೆಯ ಇಂಟರ್‌ನ್ಯಾಶನಲ್ ಮಾಸ್ಟರನಾದ ಮ್ಯಾನುಯೆಲ್ ಆರನರು ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್‌ನ ಹೆಸರಿನ ಕೂಟವನ್ನು ನಡೆಸಿದರು. ತಾಯಿ ಸುಶೀಲಾ ಅವರಿಂದ ಆರನೆಯ ವಯಸ್ಸಿನಲ್ಲಿ ಆಟ ಕಲಿತ ವಿಶ್ವನಾಥನ್ ಆನಂದನು ಮುಂದೆ ಆ ಕೂಟಕ್ಕೆ ಹೋಗಿ ಆಡುತ್ತಿದ್ದನು. 1988ರಲ್ಲಿ ಭಾರತದ ಮೊದಲನೆಯ ಗ್ರ್ಯಾಂಡ್‌ಮಾಸ್ಟರನಾದನು, 2000ದಲ್ಲಿ ಜಗಜ್ಜೇತನಾದನು. 2024ರಲ್ಲಿ ಹದಿನೆಂಟರ ಗುಕೇಶನು ಅದೇ ಪಟ್ಟಣದಿಂದ ಹೋಗಿ ಜಗಜ್ಜೇತನಾದನು. ಕರ್ನಾಟಕಕ್ಕೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರನು ದೊರೆತದ್ದು 2017ರಲ್ಲಿ, ಮೈಸೂರಿನ ತೇಜಕುಮಾರನಿಂದ. ಮುಮ್ಮಡಿಯವರ ಊರಿಗೆ ಅದು ತಕ್ಕದ್ದೇ.

ಕಾಯಿದೆಯ ಮಾತಿಗೆ ಬರೋಣ. ಜಗತ್ತಿನ ಆಟಗಾರರಿಗೆಲ್ಲ ಒಂದು ಸಂಸ್ಥೆ 1924ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಅಖಿಲ ಭಾರತ ಚದುರಂಗ ಸಂಸ್ಥೆ 1951ರಲ್ಲಿ. ಮೊದಲನೆಯ ರಾಷ್ಟ್ರೀಯ ಪಂದ್ಯವು 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆದು, ರಾಮಚಂದ್ರ ಸಪ್ರೆ, ಡಿ. ವೆಂಕಯ್ಯ ಇಬ್ಬರೂ ಸಮಸಮನಾಗಿ ಗೆದ್ದರು. ಅಲ್ಲಿಂದೀಚೆಗೆ ದೇಶೀ ಕಾಯಿದೆಗಳು ಹಿಂದೆ ಬಿದ್ದವು. ಇದು ಅನ್ಯಾಯವೆಂದು ಕೆಲವರ ವಾದ. ನಮ್ಮ ಅಭಿಪ್ರಾಯ ಬೇರೆ. ರಾಣೆಬೆನ್ನೂರಿನ ಹುಡುಗಿಯೊಬ್ಬಳು ಹಾವೇರಿಯವಳೊಂದಿಗೆ, ಹಾವೇರಿಯವಳು ಹಂಗೇರಿಯವಳೊಂದಿಗೆ ವಾದವಿಲ್ಲದೆ ಆಡಬೇಕಾದರೆ ಕಾಯಿದೆ ಒಂದೇ ಇರತಕ್ಕದ್ದು. ಕೂಟದಲ್ಲಿ ಪಂದ್ಯಗಳು ಜಗತ್ತಿನ ಕಾಯಿದೆಯಂತೆಯೇ ನಡೆಯಲಿ. ಆದರೆ ಅಜ್ಜನ ಕಾಯಿದೆಯನ್ನು ಹೀಗೆಯೇ ಸಾಯಗೊಡುವದು ಸರಿಯಲ್ಲ. ಅದನ್ನು ಅವನ ಬಾಯಿಂದಲೇ ಕೇಳಿ ಬರೆದಿಡುವದು ಕೂಟದ ಮೊದಲನೆಯ ಕೆಲಸವಾಗಬೇಕು. ಇದಕ್ಕೆ ಕಾಲ ಬಹಳ ಉಳಿದಿಲ್ಲ.

ಬರೆಯುವ ರೀತಿ ಸುಲಭ. ಇನ್ನೂರು ಹಾಳೆಯ ಒಂದು ಪುಸ್ತಕ ಸಾಕು. ಮೊದಲ ಹಾಳೆಗಳಲ್ಲಿ ಹಳೆಯ ಕಾಯಿದೆ: ಹೇಳಿದವರ ಹೆಸರು, ವಯಸ್ಸು, ಯಾವ ಊರಿನಲ್ಲಿ ಯಾರಿಂದ ಕಲಿತರು, ಕಾಲಾಳು ಎಷ್ಟು ಮನೆ ನಡೆಯುತ್ತಿತ್ತು, ರಾಜನ ಜಿಗಿತ ಉಂಟೋ ಇಲ್ಲವೋ, ಕಾಲಾಳು ಬಡ್ತಿ ಪಡೆದರೆ ಏನಾಗುತ್ತಿತ್ತು, ರಾಜನೊಬ್ಬನೇ ಉಳಿದರೆ ತೀರ್ಪೇನು, ಯಾವ ಕಾಯಿಗೆ ಏನೆನ್ನುತ್ತಿದ್ದರು. ಅನಂತರದ ಹಾಳೆಗಳಲ್ಲಿ ಆಟಗಳು. ಬಿಳಿಯ ಕಾಯಿಗಳವನ ಎಡಗಡೆಯಿಂದ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಅವನ ಹತ್ತಿರದ ಅಡ್ಡಸಾಲಿನಿಂದ 1ರಿಂದ 8ರ ವರೆಗೆ ಅಂಕೆಯನ್ನೂ ಇಟ್ಟುಕೊಂಡರೆ ಪ್ರತಿಯೊಂದು ಮನೆಗೂ ಒಂದು ಹೆಸರು ಸಿಕ್ಕಿತು. ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ ‘ಇ4’. ಕುದುರೆ ಅದರ ಬಳಿಕ ಹೊರಟರೆ ‘ಕು ಎಫ್3’. ಕಾಲಾಳಿಗೆ ಗುರುತು ಬೇಕಿಲ್ಲ, ಉಳಿದವರಿಗೆ ರಾ, ಮಂ, ಆ, ಒಂ, ಕು ಸಾಕು. ಎಂಟು ವರ್ಷದ ಮಕ್ಕಳು ಇದನ್ನು ಒಂದು ಸಂಜೆಯಲ್ಲಿ ಕಲಿಯುವರು.

ಮೂರು ಊರುಗಳ ಕೂಟಗಳು ಒಂದಕ್ಕೊಂದು ಆಡಬೇಕೆಂದರೆ ರೈಲಿನ ಖರ್ಚೂ ಬೇಡ. ಎಡಿನ್‌ಬರೋ ಊರಿನ ಕೂಟವು 1824ರಿಂದ 1828ರ ವರೆಗೆ ಲಂಡನ್ನಿನ ಕೂಟದೊಂದಿಗೆ ಅಂಚೆಯ ಮೇಲೆಯೇ ಆಡಿ, ದೊಡ್ಡ ಪಟ್ಟಣವನ್ನು ಸೋಲಿಸಿತು. ಒಂದು ನಡೆಗೆ ಒಂದು ಕಾಗದ. ಕಾಗದ ಬಂದೊಡನೆ ಸದಸ್ಯರೆಲ್ಲ ಮಣೆಯ ಸುತ್ತಲೂ ನೆರೆದು ವಿಚಾರಮಾಡಿ ಉತ್ತರ ಬರೆಯುವದು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಕಾರ್ಡು ಹೋಗಿ ಬರಲು ನಾಲ್ಕು ದಿವಸ ಹಿಡಿದರೆ ಹಿಡಿಯಲಿ. ಆತುರದವರು ಮೊಬೈಲಿನಲ್ಲಿ ನಡೆಯನ್ನು ಕಳಿಸಬಹುದು. ಮೊದಲ ಆಟ ಜಗತ್ತಿನ ಕಾಯಿದೆಯಂತೆ, ಎರಡನೆಯದು ಅಜ್ಜಂದಿರ ಕಾಯಿದೆಯಂತೆ ಎಂದು ಗೊತ್ತುಮಾಡಿಕೊಂಡರೆ ಎರಡನೆಯ ಆಟಕ್ಕೆ ಅಜ್ಜಂದಿರನ್ನು ಮನೆಯಿಂದ ಕರೆದುತರಲೇಬೇಕಾಗುವದು. ಅಂಥ ಆಟವೊಂದು ನಡೆದು ಅದರ ನಡೆಗಳನ್ನು ಬರೆದು ಕಳಿಸಿಕೊಟ್ಟಲ್ಲಿ, ಆಡಿದವರ ಊರಿನ ಹೆಸರಿನೊಂದಿಗೆ ಈ ಪುಟದಲ್ಲಿ ಅಚ್ಚು ಹಾಕಿಸುವೆವು. ಮುಂದಿನ ತಿಂಗಳು ಹುಲಿ-ಕುರಿಯ ಆಟದ ವಿಷಯ.